ಅಂಕಿ ನೋಡು, ತುಳಿ

“ಎಂಟನೇ ಕ್ಲಾಸು ದಾಟದ ಹೆಬ್ಬೆಟ್ಟಿನ ಕೈಗೆ ಕ್ರೆಡಿಟ್ ಕಾರ್ಡು ಕೊಟ್ಟಳಲ್ಲ ನನ್ನ ಹೆಂಡ್ತಿ! ಈ ಪ್ರೆಸ್ಸಾದ್ರೂ ಪೆಡಲ್ ತುಳಿದ್ರೆ ಮಾತ್ರ ಒತ್ತುತ್ತೆ. ಇವನು ಯಾರು ಹೇಳಿದ್ರೂ ಒತ್ತುತ್ತಾನೆ!”

ಭಾವ ಬೇಕೆಂದೇ ಚಹಾದ ಗಂಟೆಗೆ ಕಾದಿದ್ದ. ತಗಡು ಒತ್ತುವ ಹನ್ನೊಂದು ಪ್ರೆಸ್ಸುಗಳೂ ನಿಂತ ಮೇಲೇ ಬಾಯಿ ತೆರೆದ. ಆ ಶೆಡ್ಡಿನಲ್ಲಿ ಮಾತು ಕೇಳಿಸುವುದು ದಿನಕ್ಕೆ ಆ ಹದಿನೈದು ನಿಮಿಷವಷ್ಟೇ. ಉಳಿದ ಹೊತ್ತೆಲ್ಲ ಬೆರಳ ಸನ್ನೆಯೇ ಭಾಷೆ. ಗ್ಲಾಸು ಹಿಡಿದವರೆಲ್ಲ ಗ್ಲಾಸಿನೊಳಗೇ ನೋಡತೊಡಗಿದರು.

ಬೈಸಿಕೊಂಡ ಆ ಭಾವಮೈದುನನನ್ನು ಶೆಡ್ಡಿನವರು ಕರೆಯುವುದೇ ಕಿಡಿ ಎಂದು. ಸಿಟ್ಟು ಮೂಗಿನ ತುದಿಯಲ್ಲೇ. ಇವತ್ತು ಮಾತ್ರ ಅವನು ತನ್ನ ಪ್ರೆಸ್ಸಿನ ಪೆಡಲನ್ನೇ ನೋಡುತ್ತ ನಿಂತ. ಭಾವ ಹೇಳಿದ್ದರಲ್ಲಿ ಸುಳ್ಳು ಎಲ್ಲಿತ್ತು?

ಅಪ್ಪ ಇದೇ ಶೆಡ್ಡಿನಲ್ಲಿ ಇಪ್ಪತ್ತೊಂಬತ್ತು ವರ್ಷ ಪೆಡಲ್ ತುಳಿದು ಎರಡೂ ಕಿವಿ ಕಳೆದುಕೊಂಡಿದ್ದ. ಈಗ ಬಾಗಿಲ ಬಳಿ ಕೂತು ತಗಡಿನ ಚೂರು ಆರಿಸುತ್ತಾನೆ. ಅಕ್ಕನ ಮಗಳು ಈಚೆಗೆ ‘ತಾತ’ ಎನ್ನಲು ಕಲಿತಿದ್ದಳು. ಅಪ್ಪ ಮಗುವಿನ ಗಂಟಲ ಮೇಲೆ ಬೆರಳಿಟ್ಟು, ಆ ನಡುಕದಲ್ಲೇ ಮಾತು ಹುಡುಕುತ್ತಿದ್ದ. ನೋಡಲಾಗದೆ ಕಿಡಿ ಫೋನಿನಲ್ಲಿ ಕಿವಿಯ ಮಿಷನ್ ಹುಡುಕಿದ. ಒಂದು ಆನ್‌ಲೈನ್ ಅಂಗಡಿಯಲ್ಲಿ ಅರ್ಧಕ್ಕರ್ಧ ಬೆಲೆ.

“ನಂಬಬಹುದೇನೋ?” ಅಂದಿದ್ದಳು ಅಕ್ಕ, ಕಾರ್ಡಿನ ನಂಬರು ಓದಿ ಹೇಳುವ ಮೊದಲು.

“ಮೇಲ್ಗಡೆ ಬೀಗದ ಚಿತ್ರ ಇದೆಯಲ್ಲಕ್ಕ. ಇನ್ನೇನು ಬೇಕು?”

ಮಾರನೆಯ ದಿನ ಅಂಗಡಿಯವನ ಫೋನು. ಪ್ರೆಸ್ಸಿನ ಸದ್ದಿನಲ್ಲಿ ಏನೂ ಕೇಳಿಸದೆ, “ಮೆಸೇಜ್ ಹಾಕಪ್ಪ!” ಎಂದು ಕಿಡಿ ಕೂಗಿದ. ಹಣ ನಡುವೆ ಸಿಕ್ಕಿಕೊಂಡಿದೆ, ಬ್ಯಾಂಕಿನ ಒಟಿಪಿ ಕಳಿಸಿ ಎಂದು ಮೆಸೇಜು ಬಂತು. ಅಕ್ಕ ತನ್ನ ಫೋನಿಗೆ ಬಂದ ಬ್ಯಾಂಕಿನ ಸಂದೇಶವನ್ನು ಬಂದಂತೆಯೇ ತಮ್ಮನಿಗೆ ಕಳಿಸಿದಳು. ಎಷ್ಟು ಹಣ ಹೋಗುತ್ತಿದೆ, ಈ ಸಂಖ್ಯೆ ಯಾರಿಗೂ ಹೇಳಬೇಡಿ, ಎಲ್ಲವೂ ಅದರಲ್ಲೇ ಇತ್ತು. ಕಿಡಿಗೆ ಕಂಡದ್ದು ಆರು ಅಂಕಿ ಮಾತ್ರ.

ಕೆಲಸದ ಚೀಟಿಯನ್ನೂ ಅವನು ಓದುತ್ತಿದ್ದುದು ಹಾಗೆಯೇ. “ಓದ್ತಾ ಕೂತ್ರೆ ಬೆರಳು ಹೋಗುತ್ತೆ. ಅಂಕಿ ನೋಡು, ತುಳಿ,” ಎಂದು ಮೊದಲ ದಿನವೇ ಮೇಸ್ತ್ರಿ ಕಲಿಸಿದ್ದ. ಆ ಮಾತಿನಿಂದಲೇ ಏಳು ವರ್ಷವಾದರೂ ಹತ್ತು ಬೆರಳೂ ಉಳಿದಿದ್ದವು. ಒಟಿಪಿ ಮೂರು ಸಲ ಬಂತು, ಮೂರು ಸಲವೂ ಕಳಿಸಿದ. ಕಾರ್ಡು ಬರಿದಾಯಿತು. ಅಂಗಡಿಯೇ ಮಾಯವಾಯಿತು.

“ಬೀಗ ಇದ್ರೆ ದಾರೀಲಿ ಯಾರೂ ಇಣುಕಲ್ಲ, ಅಷ್ಟೇ,” ಅಂದಳು ಬ್ಯಾಂಕಿನಾಕೆ. “ಒಳಗೆ ಕೂತಿರೋನು ಕಳ್ಳನಾ ಅಂತ ಅದು ಹೇಳಲ್ಲ. ದೂರು ಬರ್ಕೊಂಡಿದೀನಿ. ಆದ್ರೆ ಒಟಿಪಿ ನೀವೇ ಕೊಟ್ಟಿದೀರಲ್ಲ...” ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಆಕೆ ಕುಡಿಯಲು ನೀರು ಕೊಟ್ಟಳು.

ಅಪ್ಪನಿಗೆ ಇದೊಂದೂ ಗೊತ್ತಿರಲಿಲ್ಲ. ಮಿಷನ್ ಬರುತ್ತದೆಂದು ವಾರದಿಂದ ಶೆಡ್ಡಿನವರಿಗೆಲ್ಲ ಎಚ್ಚರಿಕೆ ಕೊಡುತ್ತಿದ್ದ: “ಇನ್ಮೇಲೆ ನನ್ನ ಬೆನ್ನ ಹಿಂದೆ ಬೈಕೋಬೇಡ್ರಪ್ಪಾ, ಎಲ್ಲಾ ಕೇಳಿಸುತ್ತೆ!”

“ಎರಡು ವರ್ಷ ಅವಳ ಸಂಬಳ ಕಂತಿಗೇ ಹೋಗುತ್ತೆ,” ಎಂದು ಭಾವ ಹೊರಟ. ಅವನ ಬೆನ್ನನ್ನಷ್ಟೇ ಕಂಡಿದ್ದ ಅಪ್ಪ, ಬಾಗಿಲಲ್ಲಿ ಅಳಿಯನಿಗೆ ನಗುನಗುತ್ತಾ ಕೈ ಎತ್ತಿದ. ಆಮೇಲೆ ಮಗನತ್ತ ತಿರುಗಿ, ಕಿವುಡರ ಆ ದೊಡ್ಡ ದನಿಯಲ್ಲಿ ಕೇಳಿದ:

“ಏನಂತೋ ಅಳಿಯ? ಮಿಷನ್ ಬಂತಂತಾ?”

ಬಾಯಲ್ಲಿ ಹೇಳಬೇಕೆಂದರೆ ಕಿರುಚಿ ಹೇಳಬೇಕು. ಬೆರಳಲ್ಲಿ ಹೇಳೋಣವೆಂದರೆ ಆ ಸನ್ನೆ ಶೆಡ್ಡಿನವರಿಗೆಲ್ಲ ಬರುತ್ತದೆ. ಕಿಡಿಯ ಕೈ ಅರ್ಧ ಮೇಲೆದ್ದು, ಇಳಿಯಿತು. ಅವನು ಅಪ್ಪನ ಪಕ್ಕದಿಂದಲೇ ಹಾದು ಬೀದಿಗಿಳಿದ.

“ಬಂದಿರ್ಬೇಕು ಕಣ್ರೋ!” ಹಿಂದೆ ಅಪ್ಪನ ದನಿ. “ನಂಗೆ ಹೇಳ್ದೆ ತರೋಕೆ ಹೋದ, ನೋಡಿ!”

ಕಿಡಿ ತಿರುಗಿ ನೋಡದೆ ನಡೆದ.