ಮೂರನೇ ಸಲದ ಗಡ್ಡೆ

ಅಕ್ಕನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆಂದು ಅವಳ ಹೊಲಿಗೆ ಅಂಗಡಿಗೆ ಬರುವವರೆಲ್ಲ ಹೇಳುತ್ತಿದ್ದರು. ಆ ದಿನ ಅದು ನೆತ್ತಿಗೇರಿತ್ತು. ಐದು ವರ್ಷದಲ್ಲಿ ಎರಡು ಸಲ ಹೊಟ್ಟೆ ಕೊಯ್ಸಿಕೊಂಡಿದ್ದಳು. ಗಡ್ಡೆ ಮೂರನೇ ಸಲ ಬಂದಿತ್ತು. ಊರವರ ಸೊಂಟವನ್ನೆಲ್ಲ ಅಳೆಯುವವಳಿಗೆ ತನ್ನದು ಎರಡು ತಿಂಗಳಲ್ಲಿ ಮೂರು ಇಂಚು ಏರಿದ್ದು ತಿಳಿಯದೇ ಇರುತ್ತದೆಯೇ?

ಇಂಥ ಗಡ್ಡೆಗಳನ್ನೇ ನೋಡುವ ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಸೂಜಿ ಹಾಕಿ ಪರೀಕ್ಷಿಸಿ, ನೇರವಾಗಿ ಹೇಳಿದ್ದರು. ಇದು ಅಪರೂಪದ ಕ್ಯಾನ್ಸರ್. ಗಡ್ಡೆಯನ್ನಷ್ಟೇ ಕಿತ್ತರೆ ಮತ್ತೆ ಬರುತ್ತದೆ, ಈಗ ಸುತ್ತಲಿನದನ್ನೂ ಒಂದು ಕಿಡ್ನಿಯನ್ನೂ ಸೇರಿಸಿ ತೆಗೆಯಬೇಕು. ಹಳೇ ಗಡ್ಡೆಗಳ ರಿಪೋರ್ಟ್ ಇದ್ದರೆ ತನ್ನಿ.

ಅದನ್ನು ಕೇಳಲೆಂದೇ ಅಕ್ಕ ತಮ್ಮನೊಂದಿಗೆ ಹಿಂದೆ ಎರಡು ಸಲವೂ ಆಪರೇಷನ್ ಮಾಡಿದ್ದ ಸರ್ಜನ್ ಎದುರು ಕೂತಿದ್ದಳು. ಅವನು ಸ್ಕ್ಯಾನ್ ನೋಡಿ ತಮ್ಮನ ಜೊತೆ ಮಾತಾಡಿದ.

"ಬರೀ ಕೊಬ್ಬಿನ ಗಡ್ಡೆ. ಕಿಡ್ನಿ ಯಾಕೆ ತೆಗೀಬೇಕು? ಗುರುವಾರ ಅಡ್ಮಿಟ್ ಮಾಡಿ."

ತಮ್ಮ ಕೋಲೆಬಸವನ ಹಾಗೆ ತಲೆಯಾಡಿಸಿದ.

"ಹೊಟ್ಟೆ ನಂದು, ನನ್ನ ಹತ್ರ ಮಾತಾಡಿ," ಎಂದಳು ಅಕ್ಕ. "ಹಿಂದೆ ತೆಗೆದಿದ್ದನ್ನ ಪರೀಕ್ಷೆಗೆ ಕಳಿಸಿದ್ರಾ?"

"ಇಲ್ಲ. ಎಸೆದ್ವಿ."

"ಎರಡು ಸಲಾನೂ?"

ಗಿರಾಕಿಯನ್ನು ಕೇಳದೆ ಬಟ್ಟೆಯ ಚೂರನ್ನೂ ಎಸೆದವಳಲ್ಲ ಅವಳು. ಸರ್ಜನ್ ತಮ್ಮನ ಮುಖ ನೋಡಿದ.

"ಕಳಿಸೋಣ ಅಂದಿದ್ದೆ. ಇವರೇ ಬೇಡ ಅಂದ್ರು."

ಹೊರಗೆ ವರಾಂಡದಲ್ಲಿ ತಮ್ಮ ತೊದಲಿದ. "ಕ್ಯಾನ್ಸರ್ ಅಂತ ಬಂದ್ರೆ ನೀನು ಕುಗ್ಗಿ ಹೋಗ್ತೀಯ ಅಂತ ಭಯ ಆಯ್ತು, ಅಕ್ಕಾ. ಒಳ್ಳೇದಕ್ಕೇ ಅಂದಿದ್ದು."

"ಹೆಸರು ಹೇಳ್ದಿದ್ರೆ ಕಾಯಿಲೆ ಬರಲ್ಲ ಅಂದ್ಕೊಂಡ್ಯಾ?"

ಎತ್ತಿ ಆಡಿಸಿ ಬೆಳೆಸಿದ ತಮ್ಮ. ಕಪಾಳಕ್ಕೆ ಬಾರಿಸಬೇಕೆನ್ನಿಸಿತು. ಮೊದಲ ಸಲವೇ ಗೊತ್ತಾಗಿದ್ದರೆ ಕಿಡ್ನಿಯಾದರೂ ಉಳಿಯುತ್ತಿತ್ತೇನೋ. ಐದು ವರ್ಷ ಅವಳ ಹೊಟ್ಟೆಯ ವಿಷಯ ಅವಳೊಬ್ಬಳನ್ನು ಬಿಟ್ಟು ಉಳಿದವರೆಲ್ಲ ತೀರ್ಮಾನಿಸಿದ್ದರು.

"ಈಗ ಬೇರೆ ಕಡೆ ಹೋದ್ರೆ ಈ ಡಾಕ್ಟ್ರಿಗೆ ಬೇಜಾರಾಗಲ್ವಾ?" ಎಂದ ತಮ್ಮ.

"ಅವರಿಗೆ ಬೇಜಾರಾಗತ್ತೆ ಅಂತ ನಾನು ಸಾಯ್ಲಾ?"

ಅವನು ಕಣ್ಣೊರೆಸಿಕೊಂಡ. ಅವಳು ಕಂಡೂ ಕಾಣದಂತೆ ಫೈಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ದೊಡ್ಡಾಸ್ಪತ್ರೆಯ ಬಸ್ಸಿನತ್ತ ನಡೆದಳು. ಅವನು ಹಿಂದೆಯೇ ಓಡಿ ಬಂದ.

"ನಾನೂ ಬರ್ತೀನಿ, ಅಕ್ಕಾ."

"ಬಾ. ಆಪರೇಷನ್ ಆದ್ಮೇಲೆ ಎಬ್ಬಿಸಿ ಕೂರಿಸೋಕೆ ಯಾರಾದ್ರೂ ಬೇಕಲ್ಲ. ಆದ್ರೆ ಸಹಿ ನಾನು ಹಾಕ್ತೀನಿ, ರಿಪೋರ್ಟು ನಾನು ಓದ್ತೀನಿ. ಅಲ್ಲಿ ನೀನು ಬಾಯಿ ಬಿಟ್ರೆ, ನಂಗೊಬ್ಬ ತಮ್ಮ ಇದ್ದ ಅನ್ನೋದನ್ನೇ ಮರ್ತುಬಿಡ್ತೀನಿ."