ಬೀಗತಿಯ ತಪಾಸಣೆ

ಮನೆ ಸೋರುತ್ತದೆ ಎಂದು ಪುರಸಭೆಗೆ ಅರ್ಜಿ ಕೊಟ್ಟು ಮೂರು ವಾರ ಕಾದ ಮೇಲೆ ಮಹಮೂದಾಬೇಗಂಗೆ ಒಂದೇ ದಿನ ಎರಡು ಸುದ್ದಿ ಬಂದವು. ಒಂದು, ಬುಧವಾರ ಹನ್ನೊಂದು ಗಂಟೆಗೆ ಬಾಡಿಗೆ ಮನೆ ತಪಾಸಣೆಯವರು ಬರುತ್ತಾರೆ. ಇನ್ನೊಂದು, ಅದೇ ಬುಧವಾರ ಹತ್ತರ ರೈಲಿಗೆ ರಾಣೆಬೆನ್ನೂರಿನಿಂದ ಬೀಗತಿ ಸುಗರಾಬಿ ಬರುತ್ತಾಳೆ. ಆಕೆ ಬರುವುದೂ ಮನೆ ನೋಡಲಿಕ್ಕೇ.

ಮಹಮೂದಾಳ ಮಗಳು ಸುಮಯ್ಯಾಗೆ ಏಳು ತಿಂಗಳು ತುಂಬಿತ್ತು. ಮೊದಲ ಬಾಣಂತನ ತವರಿನಲ್ಲಿ ಆಗಬೇಕು. ಆಗದಿದ್ದರೆ ಓಣಿಯ ಹೆಂಗಸರಿಗೆ ಎರಡು ವರ್ಷಕ್ಕಾಗುವಷ್ಟು ಮಾತು ಸಿಗುತ್ತದೆ. ಆದರೆ ಸುಗರಾಬಿ ಫೋನಿನಲ್ಲಿ ಹೇಳಿಬಿಟ್ಟಿದ್ದಳು: "ಹುಡುಗೀನ ಕಳಸೂಕಿಂತ ಮೊದಲ ಒಂದ ಸಲ ಮನಿ ನೋಡಿ ಹೋಗತೇನಿ. ಜಾಗಾ ಸರಿ ಇರಲಿಲ್ಲಂದ್ರ ಬಾಣಂತನ ನಮ್ಮಲ್ಲೇ ಆಗಲಿ."

ಹೀಗಾಗಿ ಹತ್ತು ಗಂಟೆಗೆ ಮನೆ ಚೆಂದ ಕಾಣಬೇಕು, ಹನ್ನೊಂದಕ್ಕೆ ಹಾಳು ಕಾಣಬೇಕು.

"ಎರಡೂ ಕೂಡಿ ಹೆಂಗ ಆಗತೈತಿ?" ಎಂದು ಗಂಡ ಬುಡನಸಾಬನನ್ನು ಕೇಳಿದಳು. ಅವನು ಮೆಣಸಿನಕಾಯಿ ಪೇಟೆಯಲ್ಲಿ ಹಮಾಲಿ. ಮೂವತ್ತು ವರ್ಷ ಚೀಲ ಹೊತ್ತವನಿಗೆ, ಹೊರಲಾರದ ಭಾರ ಯಾವುದು ಎಂದು ನೋಡಿದ ಕೂಡಲೇ ಗೊತ್ತಾಗುತ್ತದೆ. "ಖರೇ ಇದ್ದದ್ದ ಹೇಳಿಬಿಡು" ಎಂದವನೇ ಟವೆಲ್ಲು ತಲೆಗೆ ಸುತ್ತಿಕೊಂಡು ಪೇಟೆಗೆ ಹೊರಟುಹೋದ.

ಬುಧವಾರ ಬೆಳಿಗ್ಗೆ ಎಂಟಕ್ಕೆ ಮನೆಯ ಮಾಲಕ ಹಾಲೇಶಪ್ಪ ಬಾಗಿಲಿಗೆ ಬಂದ. ಅವನ ಹಿಂದೆ ಒಂದು ತಳ್ಳುಗಾಡಿ. ಅದರಲ್ಲಿ ಅವನ ಅಪ್ಪನ ಕಾಲದ ತೇಗದ ಮಂಚ, ಒಂದು ಜಮಖಾನೆ, ಒಂದು ಶಾಮಿಯಾನಾ ಬಟ್ಟೆ, ಮೂರು ಕ್ಯಾಲೆಂಡರು. ಹೋದ ಮಳೆಗಾಲದಲ್ಲಿ ಒಂದು ಬಾಡಿಗೆ ಮನೆಯ ಗೋಡೆ ಬಿದ್ದು ಆಡು ಸತ್ತಾಗಿನಿಂದ ಪುರಸಭೆಯವರು ವಾರ್ಡಿಗೊಂದು ಸಮಿತಿ ಮಾಡಿದ್ದರು. ಮನೆ ಕೆಟ್ಟಿದೆ ಎಂದು ಸಮಿತಿ ಬರೆದರೆ ಬಾಗಿಲಿಗೆ ನೋಟಿಸು ಅಂಟಿಸುತ್ತಿದ್ದರು. ಪೇಟೆಗೆ ಹೋಗುವವರೆಲ್ಲ ಅದನ್ನು ನಿಂತು ಓದುತ್ತಿದ್ದರು. ಓದಲು ಬಾರದವರು ಓದಿಸಿಕೊಳ್ಳುತ್ತಿದ್ದರು. ಹಾಲೇಶಪ್ಪನಿಗೆ ರಿಪೇರಿಗಿಂತ ಆ ಕಾಗದದ ಹೆದರಿಕೆ ಹೆಚ್ಚು.

"ನೋಡು ಮಹಮೂದಾ" ಎಂದು ಅವನು ಗಂಟಲು ಸರಿಮಾಡಿಕೊಂಡ. "ಅರ್ಜಿ ಕೊಟ್ಟದ್ದು ಕೊಟ್ಟಿ, ನಾ ಏನೂ ಅನ್ನೂದಿಲ್ಲ. ಇವತ್ತೊಂದ ದಿನ ಈ ಸಾಮಾನು ನಿಮ್ಮ ನಡುಮನ್ಯಾಗ ಇರಲಿ. ನೀ ಒಲ್ಲೆ ಅಂದ್ರ..."

"ಬರ್ರಿ ಕಾಕಾ, ಲಗೂ ಬರ್ರಿ!" ಎಂದಳು ಮಹಮೂದಾ. "ಮಂಚ ಇಲ್ಲೆ ಹಾಕ್ರಿ. ಫರಸಿ ಕುಸದೈತಲ್ಲ, ಬರೋಬ್ಬರಿ ಅದರ ಮ್ಯಾಲ."

ಜಗಳಕ್ಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ದಂಡವಾದವು. ಅರ್ಜಿ ಕೊಟ್ಟವಳು ಯಾಕೆ ಹೀಗೆ ಕುಣಿಯುತ್ತಿದ್ದಾಳೆ ಎಂದು ಹಾಲೇಶಪ್ಪನಿಗೆ ಅರ್ಥವಾಗಲಿಲ್ಲ. ಆದರೆ ಬಂದ ಲಾಭಕ್ಕೆ ಕಾರಣ ಕೇಳುವ ಮನುಷ್ಯ ಅವನಲ್ಲ.

ಇಬ್ಬರೂ ಸೇರಿ ಕೆಲಸಕ್ಕೆ ನಿಂತರು. "ಇಲ್ಲೊಂದ ಬಿರುಕೈತ್ರಿ ಕಾಕಾ" ಎಂದು ಅವಳು ತೋರಿಸುವುದು, "ಹೌದಲ್ಲ!" ಎಂದು ಅವನು ಮೊಳೆ ಹೊಡೆಯುವುದು. ಇವರು ಬಾಡಿಗೆಗೆ ಬಂದ ಆರು ವರ್ಷದಲ್ಲಿ ಹಾಲೇಶಪ್ಪ ತನ್ನ ಮನೆಯ ಬಿರುಕುಗಳನ್ನು ಇಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಮುಸಲ್ಮಾನರ ಮನೆಗೆ ದೇವರ ಚಿತ್ರ ಬೇಡ ಎಂದು ಅವನೇ ಯೋಚನೆ ಮಾಡಿ ದಲಾಲಿ ಅಂಗಡಿಯ ಕ್ಯಾಲೆಂಡರು ತಂದಿದ್ದ. ಮೂರರಲ್ಲೂ ಅದೇ ಮೆಣಸಿನಕಾಯಿಯ ರಾಶಿ, ಅದೇ ಮೇ ತಿಂಗಳು.

ಸೋರುವ ಜಾಗ ಉಳಿಯಿತು. ಅದು ಗೋಡೆಯಲ್ಲಿಲ್ಲ, ತಲೆಯ ಮೇಲಿನ ಸ್ಲ್ಯಾಬಿನಲ್ಲಿ. ಹಾಲೇಶಪ್ಪ ಕುರ್ಚಿ ಹತ್ತಿ ನಾಲ್ಕು ಮೂಲೆಗೂ ಶಾಮಿಯಾನಾ ಬಟ್ಟೆಯನ್ನು ಬಿಗಿದ. ನಡುಮನೆ ಸಣ್ಣ ಮದುವೆಯ ಹಂದರದಂತೆ ಕಂಡಿತು.

"ಕೇಳಿದ್ರ ಏನಂತ ಹೇಳೂದು?" ಎಂದಳು ಮಹಮೂದಾ.

"ಹಲ್ಲಿ ಬೀಳಬಾರದಂತ ಕಟ್ಟೇವಿ ಅನ್ನು."

ಹತ್ತೂವರೆಗೆ ಸುಗರಾಬಿ ಬಂದಳು. ದೊಡ್ಡ ಜೀವ, ಸಣ್ಣ ಕಣ್ಣು. ಮಂಚದ ಮೇಲೆ ಕೂತು, ಶಿರಾ ತಿನ್ನುತ್ತಾ ಸುತ್ತ ನೋಡಿದಳು.

"ಯಾಕ ಬೀಗತಿ, ನಿಮ್ಮನ್ಯಾಗ ತಾರೀಖು ಭಾಳ ನೋಡತೀರೇನು?"

"ಹಂಗ್ಯಾಕರಿ?"

"ಒಂದ ಖೋಲಿಗೆ ಮೂರು ಕ್ಯಾಲೆಂಡರ್ ಹಾಕೀರಿ."

"ಪೇಟ್ಯಾಗ ಪುಕ್ಕಟ ಕೊಟ್ರರಿ" ಎಂದು ಮಹಮೂದಾ ಇನ್ನಷ್ಟು ಶಿರಾ ಬಡಿಸಿದಳು. ಬಾಯಿ ತುಂಬಿದವರು ಪ್ರಶ್ನೆ ಕಡಿಮೆ ಕೇಳುತ್ತಾರೆ ಎಂಬುದು ಅವಳ ಅನುಭವ. ಸುಗರಾಬಿ ಆ ಲೆಕ್ಕದಲ್ಲಿ ಬರುವವಳಲ್ಲ ಎಂಬುದು ಅವಳಿಗಿನ್ನೂ ಗೊತ್ತಿರಲಿಲ್ಲ.

ಹನ್ನೊಂದಕ್ಕೆ ಸಮಿತಿ ಬಂತು. ವಾರ್ಡಿನ ಸದಸ್ಯೆ ನಾಗಲಕ್ಷ್ಮಿ ಕೈಯಲ್ಲಿ ಫೈಲು ಹಿಡಿದಿದ್ದಳು. ಗೌಂಡಿ ಮೈಲಾರಪ್ಪ ಕೈಯಲ್ಲಿ ಗಾರೆ ಮೆತ್ತುವ ಕರಣಿ ಹಿಡಿದಿದ್ದ. ಮೂರನೆಯವರಾದ ಇಂಜಿನಿಯರು ಹಾವೇರಿಗೆ ಮೀಟಿಂಗಿಗೆ ಹೋಗಿದ್ದರು. ಹಾಲೇಶಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಈಗಷ್ಟೇ ಬಂದವನಂತೆ ಅವರ ಹಿಂದೆ ಬಂದ.

"ಯಾರಿವರು?" ಎಂದಳು ಸುಗರಾಬಿ.

"ಜನಗಣತಿಯವರು" ಎಂದು ಮಹಮೂದಾ ಪಿಸುಗುಟ್ಟಿದಳು.

ಮೈಲಾರಪ್ಪ ಕರಣಿಯ ಹಿಡಿಕೆಯಿಂದ ಗೋಡೆ ಬಡಿಯತೊಡಗಿದ. ಈ ಜನಗಣತಿಯವರು ಗೋಡೆಗಳನ್ನೂ ಎಣಿಸುತ್ತಾರೇನೋ ಎಂದು ಸುಗರಾಬಿ ಆಸಕ್ತಿಯಿಂದ ನೋಡಿದಳು. ನಾಗಲಕ್ಷ್ಮಿ ಕನ್ನಡಕ ಏರಿಸಿ ಅರ್ಜಿಯನ್ನು ಗಟ್ಟಿಯಾಗಿ ಓದಿದಳು:

"ಮಳೆ ಬಂದರೆ ನಡುಮನೆ ಸೋರುತ್ತದೆ. ಗೋಡೆ ಬಿರುಕು ಬಿಟ್ಟಿದೆ. ನೆಲದ ಕಲ್ಲು ಕುಸಿದಿದೆ. ಮಾಲಕರು ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಗಿಸುವುದರಿಂದ ಘಾಟು ತಡೆಯಲಾಗುವುದಿಲ್ಲ. ಇಂತಿ ಮಹಮೂದಾಬೇಗಂ. ಇದು ನಿಂದ ಅರ್ಜಿ ಅಲ್ಲೇನವಾ?"

ಮಹಮೂದಾ ಬೀಗತಿಯ ಕಡೆ ನೋಡಿದಳು. ಬೀಗತಿ ಶಿರಾದ ತಾಟಿನ ಕಡೆ ನೋಡುತ್ತಿದ್ದಳು.

"ಅದು ಹಳೇದರಿ ಅಕ್ಕಾರ."

"ಮೂರ ವಾರದ ಹಿಂದಿಂದು!"

"ಆವಾಗ ಸೋರ್ತಿತ್ರಿ. ಮಳಿ ನಿಂತ ಮ್ಯಾಲ ಸೋರೂದೂ ನಿಂತತ್ರಿ."

"ಘಾಟು?"

"ಬ್ಯಾಡಗ್ಯಾಗ ಇದ್ದ ಮ್ಯಾಲ ಘಾಟು ಅಂದ್ರ ಹೆಂಗರಿ? ನಮಗ ಅದರ ಹೊರತು ನಿದ್ದಿ ಬರೂದಿಲ್ಲ."

ಹಾಲೇಶಪ್ಪ ಆನಂದದಿಂದ ಮೇಲೆ ನೋಡಿದ. ಮೇಲೆ ಅವನದೇ ಶಾಮಿಯಾನಾ ಕಂಡಿತು.

ಮೈಲಾರಪ್ಪ ಗೋಡೆಗೆ ಇನ್ನೊಮ್ಮೆ ಬಡಿದು ಕಿವಿ ಹಚ್ಚಿದ. ಗೋಡೆಗೆ ಮೆತ್ತಿದ ಗಿಲಾವಿನ ಹಿಂದೆ ಟೊಳ್ಳು ಸಪ್ಪಳ. "ಗ್ವಾಡಿ ಒಂದು ಹೇಳಾಕತ್ತೈತಿ, ಈಕಿ ಒಂದು ಹೇಳಾಕತ್ತಾಳ" ಎಂದ.

"ಗ್ವಾಡಿ ಬಂದು ಸಹಿ ಮಾಡೂದಿಲ್ಲಲ್ಲೋ ಮೈಲಾರಪ್ಪ" ಎಂದು ನಾಗಲಕ್ಷ್ಮಿ ಬೇಸರದಿಂದ ಬರೆದಳು: ಬಾಡಿಗೆದಾರರ ತಕರಾರು ಏನೂ ಇಲ್ಲ. ಬರೆದು ಪೆನ್ನನ್ನು ಮಹಮೂದಾಳಿಗೆ ಕೊಟ್ಟಳು. "ಇಲ್ಲಿ ಸಹಿ ಹಾಕು. ಹಾಕಿದಿ ಅಂದ್ರ ಇನ್ನ ಒಂದ ವರ್ಷ ಅರ್ಜಿ ಕೊಡಂಗಿಲ್ಲ, ನೋಡಕೋ."

ಮಹಮೂದಾ ಪೆನ್ನು ಹಿಡಿದು ನಿಂತಳು. ಸಹಿ ಹಾಕಿದರೆ ಮಗಳು ಬರುತ್ತಾಳೆ, ಕೂಸು ಹುಟ್ಟುವುದು ಜುಲೈ ತಿಂಗಳಲ್ಲಿ, ಸೋರುವ ಮಾಳಿಗೆಯ ಕೆಳಗೆ. ಹಾಕದಿದ್ದರೆ ಮಗಳೇ ಬರುವುದಿಲ್ಲ. ಪೆನ್ನಿನ ತುದಿ ಕಾಗದಕ್ಕೆ ತಾಗಿ ಒಂದು ಚುಕ್ಕೆ ಮೂಡಿತು.

"ತಡೀರಿ" ಎಂದಳು ಸುಗರಾಬಿ. ತಾಟು ಕೆಳಗಿಟ್ಟಳು. "ನನ್ನ ಸೊಸಿ ಮಲಗೂದು ಇದ ಮಂಚದ ಮ್ಯಾಲೇನು?"

"ಹೌದರಿ" ಎಂದಳು ಮಹಮೂದಾ.

ಸುಗರಾಬಿ ಸೆರಗು ಸರಿಮಾಡಿಕೊಂಡು, ಕಾಲೆತ್ತಿ, ಆ ಮಂಚದ ಮೇಲೆ ಅಂಗಾತ ಮಲಗಿಬಿಟ್ಟಳು. ಹಾಲೇಶಪ್ಪ ಬೇರೆ ಕಡೆ ಮುಖ ಮಾಡಿ ನಿಂತ.

"ಬಾಣಂತಿ ನಲವತ್ತ ದಿನ ನೋಡೂದು ಗ್ವಾಡಿ ಅಲ್ಲ" ಎಂದಳು ಮಲಗಿದಲ್ಲಿಂದಲೇ. "ಮ್ಯಾಲಿಂದು. ಈ ಬಟ್ಟಿ ಯಾಕ ಕಟ್ಟೀರಿ?"

"ಹಲ್ಲಿ ಬೀಳಬಾರದಂತರಿ" ಎಂದು ಮಹಮೂದಾ, ಹಾಲೇಶಪ್ಪ ಇಬ್ಬರೂ ಒಟ್ಟಿಗೇ ಹೇಳಿದರು.

ಮನೆಯ ಮಾಲಕ, ಬಾಡಿಗೆಯವಳು ಒಂದೇ ಮಾತು ಆಡಿದ್ದನ್ನು ನಾಗಲಕ್ಷ್ಮಿ ಸಮಿತಿಯ ಕೆಲಸ ಶುರುವಾದಾಗಿನಿಂದ ಕೇಳಿರಲಿಲ್ಲ. ಅವಳು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು.

"ಬಿಚ್ಚರಿ, ಹಲ್ಲಿ ನೋಡೂಣು" ಎಂದಳು ಸುಗರಾಬಿ.

"ಬ್ಯಾಡ್ರಿ, ಧೂಳ ಬೀಳತೈತಿ" ಎಂದು ಹಾಲೇಶಪ್ಪ ಹೇಳುವಷ್ಟರಲ್ಲಿ ಮೈಲಾರಪ್ಪ ಕರಣಿಯಿಂದ ಒಂದು ಮೂಲೆಯ ಹಗ್ಗ ಕೊಯ್ದಿದ್ದ. ಬಟ್ಟೆ ಇಳಿಯಿತು. ಅದರೊಂದಿಗೆ ಬೆಳಗಿನಿಂದ ಮೊಳೆ ಹೊಡೆದ ಅದುರಿಕೆಗೆ ಸಡಿಲಾಗಿದ್ದ ಗಿಲಾವಿನ ಚೂರು, ಸ್ಲ್ಯಾಬಿನ ಸೀಳಿನಲ್ಲಿ ಸೇರಿಕೊಂಡಿದ್ದ ಮೆಣಸಿನಕಾಯಿ ಬೀಜ, ಕೆಂಪು ಪುಡಿ ಎಲ್ಲ ಇಳಿದವು. ಏಪ್ರಿಲ್‌ನ ಅಡ್ಡಮಳೆಯಲ್ಲಿ ಮೇಲೆ ಒಣಹಾಕಿದ್ದ ಮೆಣಸಿನಕಾಯಿ ತೊಯ್ದು ಸೋರಿದ ನೀರು ಸ್ಲ್ಯಾಬಿನ ತಳಕ್ಕೆ ಉದ್ದುದ್ದ ಕೆಂಪು ಗೆರೆ ಎಳೆದಿತ್ತು. ನಡುವೆ ತುಕ್ಕು ಹಿಡಿದ ಕಬ್ಬಿಣ ಹಲ್ಲು ಕಿರಿಯುತ್ತಿತ್ತು.

ಮೊದಲು ಸೀನಿದವನು ಹಾಲೇಶಪ್ಪ. ಆಮೇಲೆ ನಾಗಲಕ್ಷ್ಮಿ, ಮಹಮೂದಾ, ಬಾಗಿಲಲ್ಲಿ ಇಣುಕುತ್ತಿದ್ದ ಓಣಿಯ ನಾಲ್ಕು ಮಂದಿ. ಸುಗರಾಬಿ ಮಲಗಿಯೇ ಏಳು ಸಲ ಸೀನಿದಳು. ಮಂಚ ಏಳು ಸಲ ಕಿರುಗುಟ್ಟಿತು.

"ಈಗ ಗ್ವಾಡಿನೂ ಮಾಳಗೀನೂ ಒಂದ ಮಾತ ಹೇಳಾಕತ್ತಾವ" ಎಂದ ಮೈಲಾರಪ್ಪ ಮೂಗು ಮುಚ್ಚಿಕೊಂಡು.

ನಾಗಲಕ್ಷ್ಮಿ ಕಣ್ಣೊರೆಸಿಕೊಳ್ಳುತ್ತಾ ಬರೆದದ್ದನ್ನು ಹೊಡೆದುಹಾಕಿದಳು. "ಈಗ ಹೇಳವಾ. ಸೋರತೈತೋ ಇಲ್ಲೋ?"

"ಸೋರತೈತ್ರಿ ಅಕ್ಕಾರ" ಎಂದಳು ಮಹಮೂದಾ. ಘಾಟಿಗೋ ನಾಚಿಕೆಗೋ, ಅವಳ ಕಣ್ಣಲ್ಲಿ ನೀರು ನಿಲ್ಲಲಿಲ್ಲ. "ನಾಕ ಕಡೆ ಸೋರತೈತಿ."

"ಹಾಲೇಶಪ್ಪನವರ, ಹದಿನೈದ ದಿನ ಟೈಮ್ ಐತಿ. ರಿಪೇರಿ ಆಗಲಿಲ್ಲಂದ್ರ ಬಾಗಲಿಗೆ ನೋಟಿಸ್."

"ಹದಿನೈದ ದಿನದಾಗ ಗೌಂಡಿ ಎಲ್ಲಿ ಸಿಗತಾರ್ರಿ?"

"ಇಲ್ಲೇ ನಿಂತೇನಲ್ರಿ" ಎಂದ ಮೈಲಾರಪ್ಪ.

"ಮಳಿಗಾಲ ಕಳೀಲಿ, ನೋಡೂಣು. ಹದಿನಾಕನೇ ದಿನಕ್ಕ ಒಂದ ಅರ್ಜಿ ಕೊಟ್ಟು ಟೈಮ್ ಕೇಳತೇನಿ. ಅರ್ಜಿ ಕೊಡಾಕ ನನಗೂ ಬರತೈತಿ."

"ಕಳೀಲಿ" ಎಂದಳು ಸುಗರಾಬಿ. ಆಕೆ ಇನ್ನೂ ಎದ್ದಿರಲಿಲ್ಲ. "ಅಲ್ಲೀತನಕ ನಾ ಇಲ್ಲೇ ಮಲಗಿರತೇನಿ. ಮಂಚ ಭಾಳ ಚಲೋ ಐತಿ, ಬೀಗತಿ. ಎಲ್ಲಿ ಮಾಡಿಸೀರಿ?"

ಹಾಲೇಶಪ್ಪ ಫೈಲಿನ ಕಡೆ ನೋಡಿದ. ಮಂಚ ನನ್ನದು ಎಂದರೆ ಅದು ಇಲ್ಲಿಗೆ ಯಾಕೆ ಬಂತು ಎಂದು ನಾಗಲಕ್ಷ್ಮಿ ಕೇಳುತ್ತಾಳೆ. ಫೈಲಿನಲ್ಲಿ ಇನ್ನೂ ಜಾಗವಿತ್ತು.

ಎಲ್ಲರೂ ಹೋದ ಮೇಲೆ ಮಹಮೂದಾ ಬೀಗತಿಯ ಕಾಲ ಹತ್ತಿರ ಕೂತಳು. "ಮಾಫ್ ಮಾಡ್ರಿ. ಮನಿ ಹಿಂಗೈತಿ ಅಂದ್ರ ನೀವು ಹುಡುಗೀನ ಕಳಸೂದಿಲ್ಲಂತ ಮುಚ್ಚಿಟ್ಟೆ. ನಿಮಗ ಹೆಂಗ ಗೊತ್ತಾತು?"

"ಮೂವತ್ತ ವರ್ಷ ಬಾಡಿಗಿ ಮನ್ಯಾಗ ಅದೇನಿ. ಕ್ಯಾಲೆಂಡರ್ ಎಲ್ಲಿರತೈತೋ ಬಿರುಕು ಅಲ್ಲಿರತೈತಿ. ಮದುವಿ ಆದ ಮ್ಯಾಲ ಸುಮಯ್ಯಾನ ನೋಡಾಕ ನೀವು ನಮ್ಮನಿಗೆ ಬಂದಾಗ ನಾ ಐದು ಹಾಕಿದ್ದೆ. ನೀವು ನೋಡಲೇ ಇಲ್ಲ."

"ಮತ್ತ ಬಾಣಂತನ ನಿಮ್ಮಲ್ಲೇ ಆಗಲಿ ಅಂದ್ರಲ್ಲ?"

"ಅನ್ನಬೇಕಲ್ಲ, ಅಂದೆ. ನಮ್ಮನ್ಯಾಗ ಮಳಿ ಬಂದ್ರ ಆರ ಬಕೀಟ ಇಡತೇವಿ. ನೀವು ಹೂಂ ಅಂದಿದ್ರ ನನ್ನ ಮಾನ ಹೋಗತಿತ್ತು."

ಇಬ್ಬರೂ ನಕ್ಕರು, ಮತ್ತೆ ಸೀನಿದರು.

ಆದರೂ ಸುಗರಾಬಿ ಮಂಚ ಬಿಟ್ಟು ಏಳಲಿಲ್ಲ. ಅತ್ತ ಹಾಲೇಶಪ್ಪ ಮನೆಗೆ ಹೋಗಿ ಊಟ ಮಾಡಿ, ಎಂದಿನಂತೆ ಮಲಗಲು ಹೋದರೆ ಮಂಚದ ಜಾಗದಲ್ಲಿ ನಾಲ್ಕು ಕಾಲಿನ ಗುರುತು ಮಾತ್ರ ಇತ್ತು. ಹೋಗಿ ತರುತ್ತೇನೆ ಎಂದು ಎದ್ದವನನ್ನು ಹೆಂಡತಿ ದೇವವ್ವ ತಡೆದಳು.

"ಪರವೂರಿನ ಬೀಗತಿ ಮಲಗ್ಯಾಳ. ಎಬ್ಬಿಸಿ ಮಂಚ ಒಯ್ದ್ರು ಅಂದ್ರ ನಮ್ಮ ಓಣಿ ಹೆಸರು ರಾಣೆಬೆನ್ನೂರು ಮುಟ್ಟತೈತಿ. ಚಾಪಿ ಹಾಸಿಕೋರಿ."

ಅಷ್ಟಕ್ಕೇ ಸುಮ್ಮನಾಗದೆ ದೇವವ್ವ ಸುಗರಾಬಿಗೆ ರೊಟ್ಟಿ, ಎಣ್ಣೆಗಾಯಿ ಕಳಿಸಿದಳು. ಮರುದಿನ ತಾನೇ ಒಯ್ದಳು. ಮೂರನೆಯ ದಿನ ಹೋದವಳು ಎರಡು ತಾಸು ಮಾತಾಡಿ ಬಂದು, "ಭಾಳ ಚಲೋ ಹೆಣಮಗಳು. ಆಷಾಢದ ತನಕ ಇರತಾಳಂತ" ಎಂದಳು.

ನಾಲ್ಕನೆಯ ದಿನ ಹಾಲೇಶಪ್ಪ ಸೊಂಟದ ಮೇಲೆ ಕೈಯಿಟ್ಟುಕೊಂಡು ಮೈಲಾರಪ್ಪನ ಮನೆಗೆ ಹೋದ. ಮೈಲಾರಪ್ಪ ಅವನು ನಡೆದ ರೀತಿ ನೋಡಿಯೇ ಕರಣಿ ಎತ್ತಿಕೊಂಡ. ಬುಡನಸಾಬ ಸಿಮೆಂಟಿನ ಚೀಲಗಳನ್ನು ಹೊತ್ತು ಮಾಳಿಗೆಗೆ ಏರಿಸಿದ. ಗೋಡೆಯ, ಸ್ಲ್ಯಾಬಿನ ಕೆಲಸ ಮುಗಿದು, ಮೇಲೆ ನೀರು ನಿಲ್ಲಿಸಿ ಒಂದು ಹನಿಯೂ ಇಳಿಯದ ದಿನ ಸುಗರಾಬಿ ಮಂಚದಿಂದ ಎದ್ದು, ಸಂಜೆಯ ರೈಲು ಹತ್ತಿದಳು. ಮರುವಾರ ಸುಮಯ್ಯಾ ಬಂದಳು.

ಜುಲೈ ತಿಂಗಳ ದೊಡ್ಡ ಮಳೆಯಲ್ಲಿ, ಹೆಣ್ಣುಕೂಸು ಹುಟ್ಟಿ ಹತ್ತು ದಿನವಾದ ಮೇಲೆ, ಹಾಲೇಶಪ್ಪ ಛತ್ರಿ ಹಿಡಿದು ಬಾಗಿಲಿಗೆ ಬಂದ.

"ಸೋರತೈತೇನು?"

"ಇಲ್ಲರಿ ಕಾಕಾ" ಎಂದಳು ಮಹಮೂದಾ.

"ಅವತ್ತೂ ಹಿಂಗ ಅಂದಿದ್ದಿ. ಆ ಕ್ಯಾಲೆಂಡರ್ ಯಾಕ ಐತಿ?"

ಹೊಸ ಗಿಲಾವಿನ ಗೋಡೆಗೆ ಒಂದೇ ಕ್ಯಾಲೆಂಡರಿತ್ತು. ಹಾಲೇಶಪ್ಪ ಹೋಗಿ ಅದರ ಕೆಳತುದಿ ಎತ್ತಿ ನೋಡಿದ. ಹಿಂದೆ ಗೋಡೆ ಗಟ್ಟಿಯಾಗಿತ್ತು, ಬೆರಳಿನಿಂದ ಬಡಿದರೂ ಗಟ್ಟಿ. ತಿರುಗಿ ಬಿಡುವಾಗ ಮೇಲಿನ ಹಾಳೆ ಸರಿದು, ಆಗಸ್ಟಿನ ಹಾಳೆಯಲ್ಲಿ ಒಂದು ತಾರೀಖಿಗೆ ಕೆಂಪು ಗುಂಡು ಹಾಕಿದ್ದು ಕಂಡಿತು.

"ಇದೇನು?"

"ಬಾಣಂತಿಗೆ ನಲವತ್ತು ತುಂಬೂ ದಿನಾರಿ" ಎಂದಳು ಮಹಮೂದಾ. "ಅವತ್ತ ನಿಮ್ಮ ಮಂಚ ಕಳಸತೇವಿ."

ಹಾಲೇಶಪ್ಪ ಬೆರಳು ಮಡಚಿ ದಿನ ಎಣಿಸಿದ. ಮಂಚದ ಮೇಲೆ ಕೂಸು ಒಮ್ಮೆ ಮೈಮುರಿದು ಮತ್ತೆ ನಿದ್ದೆ ಹೋಯಿತು. ಅವನು ದನಿ ತಗ್ಗಿಸಿ, "ಲಗೂ ಏನಿಲ್ಲ, ಇರಲಿ" ಎಂದು ಛತ್ರಿ ಬಿಚ್ಚಿದ.