ಬಂಡೆಯಾಚೆಯ ನೀರು

ಕಡಲ ಜೀವಿಗಳ ಮೇಲೆ ಡಾಕ್ಟರೇಟ್ ಮಾಡಿದವಳಿಗೆ ದೋಣಿ ಹತ್ತಿದರೆ ಹೊಟ್ಟೆ ತೊಳಸುತ್ತದೆ ಎಂಬುದು ಪ್ರಯೋಗಾಲಯದಲ್ಲಿ ಹಳೆಯ ನಗೆಪಾಟಲು. ನೀರಿನ ಮಾದರಿ ತರುವಾಗ ವಿಜ್ಞಾನಿ ಜೊತೆಗಿರಬೇಕೆಂಬುದು ನಿಯಮ. ಆದರೆ ದೋಣಿ ನಡೆಸುವವನು ಒಡಹುಟ್ಟಿದ ಅಣ್ಣನೇ ಆಗಿರುವಾಗ ನಿಯಮಕ್ಕೆ ಅಷ್ಟು ಮರ್ಯಾದೆ ಕೊಡುವವರು ಯಾರು?

"ನೀನು ಬಂದು ನನ್ನ ದೋಣಿ ಗಲೀಜು ಮಾಡೋದು ಬೇಡ ತಾಯಿ. ಕ್ಯಾನು ಕೊಡು, ಬಂಡೆಯಾಚೆಯಿಂದ ತುಂಬಿಸ್ಕೊಂಡು ಬರ್ತೀನಿ," ಎಂದಿದ್ದ.

ಅವಳಿಗೆ ಎರಡು ನೀರು ಬೇಕಿತ್ತು. ಒಂದು ಧಕ್ಕೆಯದು, ದೋಣಿಗಳು ತಂಗುವ ಕಟ್ಟೆಯ ಬುಡದ್ದು. ಅಲ್ಲಿನ ಹಡಗು ರಿಪೇರಿ ಕಾರ್ಖಾನೆ ಹಳೆಯ ಬಣ್ಣ ಕೆರೆದು, ತಾಮ್ರ, ಸತುವನ್ನೆಲ್ಲ ನೀರಿಗೇ ಬಿಡುತ್ತಿತ್ತು. ಇನ್ನೊಂದು, ದೂರ ಕಡಲೊಳಗಿನ ಬಂಡೆಯಾಚೆಯ ಶುದ್ಧ ನೀರು, ಹೋಲಿಸಿ ನೋಡಲು. ಎರಡರಲ್ಲೂ ಅವಳು ಕೋಪೆಪಾಡುಗಳನ್ನು ಸಾಕಿದಳು. ಸೀಗಡಿಯ ದೂರದ ದಾಯಾದಿಗಳು ಅವು. ಉಪ್ಪಿನ ಹರಳಿನಷ್ಟು ಗಾತ್ರ, ಹಣೆಯಲ್ಲಿ ಒಂದೇ ಕಣ್ಣು, ಮೀನಿನ ಮರಿಗಳಿಗೆ ಆಹಾರ. ಮೈಯೊಳಗೆ ಲೋಹ ಹೊಕ್ಕರೆ ಅವುಗಳಲ್ಲಿ ಒಂದು ಜೀನ್ ಎಚ್ಚರಗೊಂಡು, ಲೋಹವನ್ನು ಕಟ್ಟಿಹಾಕುವ ಪ್ರೋಟೀನನ್ನು ಒಂದೇ ಸಮನೆ ತಯಾರಿಸತೊಡಗುತ್ತದೆ. ಆಗ ಮೊಟ್ಟೆಯ ಕೆಲಸ ನೋಡುವ ಜೀನುಗಳು ಮಂಕಾಗುತ್ತವೆ. ಕಳ್ಳ ನುಗ್ಗಿದನೆಂದು ಮನೆಮಂದಿಯೆಲ್ಲ ಬಾಗಿಲಿಗೆ ಓಡಿದರೆ ಒಲೆಯ ಮೇಲಿನದು ಸೀದುಹೋಗುತ್ತದಲ್ಲ, ಹಾಗೆ.

ಫಲಿತಾಂಶ ಬಂದಾಗ ಅವಳು ಅದನ್ನು ಎರಡು ಸಲ ಓದಿದಳು. ಎರಡೂ ನೀರಿನಲ್ಲಿ ಆ ಜೀನ್ ಒಂದೇ ಸಮ ಅಬ್ಬರಿಸುತ್ತಿತ್ತು. ಕೊಳಕಿಗೂ ಶುದ್ಧಕ್ಕೂ ವ್ಯತ್ಯಾಸವಿಲ್ಲವೆಂದರೆ ಕಾರ್ಖಾನೆ ನಿರಪರಾಧಿ. ಮುಂದಿನ ವಾರದ ಸಾರ್ವಜನಿಕ ವಿಚಾರಣೆಯಲ್ಲಿ ಅದರ ವಿಸ್ತರಣೆಗೆ ಒಪ್ಪಿಗೆ ಸಿಕ್ಕಹಾಗೆಯೇ, ಅದೂ ಅವಳದೇ ವರದಿಯ ಕೃಪೆಯಿಂದ.

ಅವಳು ಯಂತ್ರವನ್ನು ಅನುಮಾನಿಸಿದಳು, ರಾಸಾಯನಿಕಗಳನ್ನು ಅನುಮಾನಿಸಿದಳು, ಫ್ರಿಜ್ಜನ್ನು, ಕೊನೆಗೆ ತನ್ನ ಕೈಯನ್ನೇ ಅನುಮಾನಿಸಿದಳು. ಉಳಿದವನು ಅಣ್ಣ ಒಬ್ಬ. ಬಂಡೆಯಾಚೆಯ ನೀರಿನ ತಾಮ್ರ ಅಳೆಯುವ ಗೋಜಿಗೂ ಅವಳು ಹೋಗಿರಲಿಲ್ಲ, ಅಣ್ಣ ತಂದದ್ದಲ್ಲವೇ. ಪ್ರಯೋಗಾಲಯದಲ್ಲೇ ಲವಣ ಬೆರೆಸಿ ಮಾಡಿದ ನೀರಿಗೆ ಪ್ರಾಣಿಗಳನ್ನು ಬಿಟ್ಟಾಗ ಜೀನ್ ತೆಪ್ಪಗೆ ಮಲಗಿತು. ಅಣ್ಣನ ಕ್ಯಾನಿನಲ್ಲಿ ತಾಮ್ರ ಅಳೆದಳು. ಧಕ್ಕೆಯ ನೀರಿನಷ್ಟೇ ಇತ್ತು.

ಆಗಲೂ ಅವಳ ಬುದ್ಧಿ ಅಣ್ಣನ ಪರವಾಗಿ ವಕಾಲತ್ತು ಹೂಡಿತು. ಕೊಳಕು ಬಂಡೆಯವರೆಗೂ ಹಬ್ಬಿರಬೇಕು! ಅದನ್ನೇ ಕೇಳಲು, ಸ್ವಲ್ಪ ಹುರುಪಿನಿಂದಲೇ, ಅಣ್ಣನ ಮನೆಗೆ ಹೋದಳು. ಅತ್ತಿಗೆ ಒಣಗಿದ ಬಟ್ಟೆ ಮಡಚುತ್ತಿದ್ದಳು.

"ಬಂಡೆಯಾಚೆಗಾ? ನಿಮ್ಮಣ್ಣನಾ?" ಅತ್ತಿಗೆ ಬಿದ್ದು ಬಿದ್ದು ನಕ್ಕಳು. "ಕ್ಯಾನು ಹಿಡ್ಕೊಂಡು ಹೋದವರು ನಾನು ಟೀ ಸೋಸೋದ್ರೊಳಗೆ ವಾಪಸ್ಸು! ಸಮುದ್ರ ಎಲ್ಲಾ ಕಡೆ ಒಂದೇ ಕಣೇ ಅಂದ್ರು." ಆಮೇಲೆ ನಾದಿನಿಯ ಮುಖ ನೋಡಿ ಕೈಯಲ್ಲಿದ್ದ ಅಂಗಿಯನ್ನು ಮತ್ತೆ ಬಿಚ್ಚಿ ಮಡಚತೊಡಗಿದಳು.

ಅಣ್ಣ ತಲೆ ಒರೆಸಿಕೊಳ್ಳುತ್ತ ಬಚ್ಚಲಿನಿಂದ ಬಂದ.

"ಡೀಸೆಲ್ ಇರ್ಲಿಲ್ವಾ ಅಣ್ಣಾ?" ನೆಪವೊಂದನ್ನು ಅವಳೇ ಒದಗಿಸಿದಳು.

"ಇತ್ತು." ಅವನು ಆ ನೆಪ ತೆಗೆದುಕೊಳ್ಳಲಿಲ್ಲ. "ಕಾರ್ಖಾನೆ ಮ್ಯಾನೇಜರ್ ಕರೆದಿದ್ದ. ಧಕ್ಕೆಯಲ್ಲಿ ದೋಣಿ ಕಟ್ಟೋಕೆ ಖಾಯಂ ಜಾಗ ಕೊಡ್ತೀನಿ, ನೀರಿಗೆ ಅಷ್ಟು ದೂರ ಯಾಕೆ ಹೋಗ್ತೀಯ ಅಂದ. ನೀರು ತಾನೇ ಪುಟ್ಟಿ! ನಾನೇನು ವಿಷ ಹಾಕಿದ್ನಾ?"

"ಅದರಲ್ಲಿ ಇದ್ದದ್ದೇ ವಿಷ. ಬೇರೆ ಹಾಕೋದೇನು ಬಂತು?"

"ನೀನು ಓದಿದವಳು, ಹೇಗೋ ಸರಿಮಾಡ್ಕೋತೀಯ ಅಂದ್ಕೊಂಡೆ."

"ನಾನು ದೋಣಿ ಹತ್ತಲ್ಲ, ನೀರಿಗೆ ನೀನೊಬ್ಬನೇ ಹೋಗೋದು ಅಂತ ಮ್ಯಾನೇಜರಿಗೆ ಹೇಳಿದ್ಯಾರು?"

ಅಣ್ಣ ಆಗಲೇ ಒಣಗಿದ್ದ ತಲೆಯನ್ನು ಮತ್ತೆ ಒರೆಸಿಕೊಂಡ. ಚಿಕ್ಕವಳಿದ್ದಾಗ, ಮೊದಲ ಸಲ ದೋಣಿಯಲ್ಲಿ ವಾಂತಿ ಮಾಡಿಕೊಂಡಾಗ, ಅವಳ ಹಣೆ ಹಿಡಿದುಕೊಂಡಿದ್ದವನು ಅವನೇ.

"ವಿಚಾರಣೆಯಲ್ಲಿ ನನ್ನ ವಿಷಯ ಎತ್ತಬೇಡ," ಎಂದ. "ಫ್ರಿಜ್ ಕೆಟ್ಟಿತ್ತು ಅನ್ನು. ಅದಕ್ಕೇನು ಮಾನ ಮರ್ಯಾದೆ ಇದ್ಯಾ?"

ವಿಚಾರಣೆಯ ದಿನ ಅಣ್ಣ ಹಿಂದಿನ ಸಾಲಿನಲ್ಲಿ, ಮ್ಯಾನೇಜರ್ ಪಕ್ಕದಲ್ಲೇ ಕೂತಿದ್ದ. ಅವಳು ಎದ್ದು, ತನ್ನ ಫಲಿತಾಂಶ ನಂಬುವಂಥದ್ದಲ್ಲ, ಪ್ರಯೋಗ ಮತ್ತೆ ಮಾಡಬೇಕು ಎಂದಳು.

"ಯಾಕಮ್ಮಾ?" ಅಧ್ಯಕ್ಷೆ ಕನ್ನಡಕ ತೆಗೆದರು.

ಫ್ರಿಜ್ ನಾಲಿಗೆಯ ತುದಿಗೆ ಬಂತು. ಅದನ್ನು ಹೇಳಿದರೆ ಪ್ರಯೋಗಾಲಯವೇ ಕೆಲಸಕ್ಕೆ ಬಾರದ್ದೆಂದಾಗುತ್ತದೆ. ಎರಡನೆಯ ಅವಕಾಶ ಯಾರೂ ಕೊಡುವುದಿಲ್ಲ. ಅದನ್ನು ನುಂಗಿಕೊಂಡಳು.

"ಎರಡೂ ಕ್ಯಾನಿನಲ್ಲಿ ಧಕ್ಕೆಯ ನೀರೇ ಇತ್ತು. ಜೊತೆಗೆ ಹೋಗಬೇಕಾದವಳು ನಾನು, ಹೋಗಲಿಲ್ಲ."

"ತಂದವರು ಯಾರು?"

"ನನ್ನ ಅಣ್ಣ. ಕಾರ್ಖಾನೆಯವರು ಹೇಳಿದ್ದಕ್ಕೆ."

ಮ್ಯಾನೇಜರ್ ಕುರ್ಚಿಯನ್ನು ಒಂದು ಗೇಣು ಆಚೆಗೆ ಸರಿಸಿಕೊಂಡ, ಬಸ್ಸಿನಲ್ಲಿ ಅಪರಿಚಿತರ ಪಕ್ಕ ಕೂತವನಂತೆ. ಹೊಸ ಫಲಿತಾಂಶ ಬರುವವರೆಗೆ ವಿಸ್ತರಣೆಗೆ ತಡೆ ಎಂದು ಅಧ್ಯಕ್ಷೆ ಬರೆಸಿದರು.

ಹೊರಗೆ ಮೆಟ್ಟಿಲ ಬಳಿ ಅಣ್ಣ ಕಾಯುತ್ತಿದ್ದ.

"ಒಡಹುಟ್ಟಿದವಳು ಅಂತ ನಂಬಿದ್ದೆ," ಎಂದ. "ಅಷ್ಟು ಜನರ ಮುಂದೆ ನೀನು ಹೀಗೆ ಕೈ ಕೊಡ್ತೀಯ ಅಂದ್ಕೊಂಡಿರ್ಲಿಲ್ಲ ಪುಟ್ಟಿ."

ಅವನು ನಿಜಕ್ಕೂ ನೊಂದಿದ್ದ. ನಾಟಕವಾಗಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

"ಈಗ ನೀರು ಯಾರು ತರ್ತಾರೆ?" ಹೋಗುವ ಮೊದಲು, ಸ್ವಲ್ಪ ಮೆತ್ತಗಾಗಿ, ಅವನೇ ಕೇಳಿದ.

"ಬೇರೆ ದೋಣಿ ನೋಡ್ಕೋತೀನಿ."

ಮಾತಿನ ಕೊನೆಗೆ ಬರಬೇಕಿದ್ದ 'ಅಣ್ಣಾ' ಬರಲಿಲ್ಲ. ಇಬ್ಬರೂ ಸ್ವಲ್ಪ ಹೊತ್ತು ಅದಕ್ಕಾಗಿ ಕಾದು ನಿಂತರು.